ಶಾಲಾ ಪ್ರವಾಸ: ಪಟ್ಟಿಗಿಂತ ಮೊದಲು ವಾರ ನೋಡಿ, ಭಾಷೆ ಕೇಳಿ

ಪ್ರವಾಸದ ಮಾತುಕತೆಗೆ ಶಾಲೆಯವರು ಬರುವಾಗ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಮೈಸೂರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೃಂದಾವನ, ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ, ವಂಡರ್‌ಲಾ, ಕೊನೆಗೆ ಯಾವುದಾದರೂ ಒಂದು ಮಾಲ್. ಎರಡು ಹಗಲಲ್ಲಿ ಇಷ್ಟೂ ಮುಗಿಯಬೇಕು. ಪಿಟಿಎ (ರಕ್ಷಕ-ಶಿಕ್ಷಕ ಸಂಘ) ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಸೇರಿಸಿರುತ್ತಾರೆ. ಹೆಸರು ಹೆಚ್ಚಾದಷ್ಟೂ ಕೊಟ್ಟ ದುಡ್ಡು ದಕ್ಕಿತು ಎಂಬ ಲೆಕ್ಕ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳನ್ನು ಘಟ್ಟದ ಮೇಲೆ ಕರೆದುಕೊಂಡು ಹೋಗಿ ತಿರುಗಿ ಮನೆ ಮುಟ್ಟಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ತಿಳಿದುಕೊಂಡದ್ದು ಮಾಷ್ಟ್ರುಗಳಿಗೆ, ಟೀಚರುಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ವಾರ. ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸೋಮವಾರ ರಜೆ. ಮೈಸೂರು ಅರಮನೆಯ ದೀಪ ಬೆಳಗುವುದು ಆದಿತ್ಯವಾರ ಮತ್ತು ಸರಕಾರಿ ರಜೆಯ ದಿನಗಳಲ್ಲಿ, ಸಂಜೆ 7 ಗಂಟೆಗೆ, ಅದೂ ಮುಕ್ಕಾಲು ಗಂಟೆ ಮಾತ್ರ. ಒಂದು ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುವ ಆ ಗಳಿಗೆಯನ್ನು ಮಕ್ಕಳು ತಪ್ಪಿಸಿಕೊಳ್ಳಬಾರದು. ಇದರ ಮೇಲೆ ನಮ್ಮ ಕೇರಳದ ನಿಯಮ ಇದೆ: ಶಾಲಾ ಪ್ರವಾಸದ ಬಸ್ಸು ರಾತ್ರಿ ಓಡುವಂತಿಲ್ಲ. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲಾ ಬಸ್ಸು ಅಪಘಾತಕ್ಕೆ ಸಿಕ್ಕಿ 9 ಜನ ತೀರಿಕೊಂಡ ಮೇಲೆ ಇದನ್ನು ಬಿಗಿಯಾಗಿ ನೋಡುತ್ತಾರೆ. ನೋಡಲೇಬೇಕು. "ರಾತ್ರಿ ಹೊರಟರೆ ಒಂದು ದಿನ ಉಳಿಯುತ್ತದಲ್ಲ" ಎಂದು ಇವತ್ತಿಗೂ ಕೇಳುವವರಿದ್ದಾರೆ. ಸಂಪಾಜೆ ಘಟ್ಟದ ತಿರುವುಗಳಲ್ಲಿ ನಿದ್ದೆಗೆಟ್ಟ ಡ್ರೈವರನ ಹಿಂದೆ ಊರಿನ ಮಕ್ಕಳನ್ನು ಕೂರಿಸಲು ನಾನು ತಯಾರಿಲ್ಲ.

ಇಷ್ಟನ್ನೂ ಎದುರಿಟ್ಟುಕೊಂಡರೆ ದಾರಿ ತಾನಾಗಿಯೇ ಕಾಣುತ್ತದೆ. ಶುಕ್ರವಾರ ಬೆಳಗ್ಗೆ ಹೊರಟು ಸುಳ್ಯ, ಮಡಿಕೇರಿ, ಮೈಸೂರು ದಾಟಿ ರಾತ್ರಿಯೊಳಗೆ ಬೆಂಗಳೂರು. ಶನಿವಾರ ಪೂರ್ತಿ ಬೆಂಗಳೂರು. ಆದಿತ್ಯವಾರ ಬೆಳಗ್ಗೆ 118 ಕಿಲೋಮೀಟರಿನ ಹೊಸ ಹೆದ್ದಾರಿಯಲ್ಲಿ ಮೈಸೂರಿಗೆ ಇಳಿದು ಮೃಗಾಲಯ, ಅರಮನೆ, ಸಂಜೆಯ ದೀಪ. ಸೋಮವಾರ ಹಗಲು ಊರಿಗೆ. ಘಟ್ಟ ಹತ್ತುವ ಮೊದಲು ಸುಳ್ಯದಲ್ಲಿ ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ. ವಾಂತಿ ಮಾಡುವ ಮಕ್ಕಳನ್ನು ಎದುರಿನ ಸೀಟಿನಲ್ಲಿ ಕೂರಿಸಿ.

ಇನ್ನು ಆ ಶನಿವಾರದ ಮಾತು. ಒಂದು ಹಗಲಿಗೆ ಬೆಂಗಳೂರಿನಲ್ಲಿ ಎರಡು ದೊಡ್ಡ ಜಾಗ ಸಾಕು, ಮೂರನೆಯದು ಟ್ರಾಫಿಕ್ಕಿನಲ್ಲಿ ಕಳೆದುಹೋಗುತ್ತದೆ. ಆ ಎರಡರಲ್ಲಿ ಒಂದು ತಾರಾಲಯವೇ ಆಗಬೇಕು, ಅದೂ ಕನ್ನಡ ಪ್ರದರ್ಶನವೇ ಆಗಬೇಕು ಎಂಬುದು ನನ್ನ ಹಟ. ಇದನ್ನು ನನಗೆ ಕಲಿಸಿದವರು ನಮ್ಮ ಕಡೆಯ ಒಬ್ಬರು ಹೆಡ್ಮಾಷ್ಟ್ರು. ಒಂದು ಸಲ ನಮಗೆ ಅನುಕೂಲವಾದ ಹೊತ್ತಿಗೆ ಇಂಗ್ಲಿಷ್ ಪ್ರದರ್ಶನಕ್ಕೆ ಜಾಗ ಇತ್ತು. ಕನ್ನಡದ್ದು ಬೇಕಾದರೆ ಮಾಲ್ ಬಿಡಬೇಕಾಗುತ್ತಿತ್ತು. "ಮಾಲ್ ಮಂಗಳೂರಿನಲ್ಲೂ ಉಂಟು, ಅದನ್ನು ಬಿಡಿ" ಎಂದರು ಅವರು.

1989ರಲ್ಲಿ ಶುರುವಾದ ತಾರಾಲಯ ಅದು. 15 ಮೀಟರ್ ಅಗಲದ ಗುಮ್ಮಟದೊಳಗೆ ಕತ್ತಲಾಗಿ, ನಕ್ಷತ್ರ ಮೂಡಿ, ಮೇಲಿನಿಂದ ಕನ್ನಡದ ದನಿ ಕೇಳಿದಾಗ ನಮ್ಮ ಮಕ್ಕಳು ಕೂತ ರೀತಿಯೇ ಬೇರೆ. ಇದನ್ನು ಗಡಿಯಾಚೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ಹೀಗೆ ಏನೂ ಇರಬಹುದು. ಕನ್ನಡ ಅವರಿಗೆ ಶಾಲೆಯ ಭಾಷೆ, ಪಾಠಪುಸ್ತಕದ ಭಾಷೆ. 1956ರಿಂದ ನಾವು ಕೇರಳದಲ್ಲಿದ್ದೇವೆ. ಬಸ್ಸಿನ ಬೋರ್ಡು, ಆಫೀಸಿನ ನೋಟೀಸು ಹೆಚ್ಚಾಗಿ ಮಲಯಾಳದಲ್ಲೇ. ಕನ್ನಡದಲ್ಲಿ ಓದಿ ಏನು ಮಾಡುತ್ತೀರಿ ಎಂದು ನೆಂಟರ ಮನೆಯಲ್ಲಿ ಕೇಳಿಸಿಕೊಂಡೇ ಬೆಳೆಯುವ ಮಕ್ಕಳಿವರು. ಅಂಥವರಿಗೆ ಒಂದು ಮಹಾನಗರದ ನಡುವೆ ಗ್ರಹ, ತಾರೆ, ಆಕಾಶಗಂಗೆಯನ್ನು ತಮ್ಮ ಪುಸ್ತಕದ ಮಾತಿನಲ್ಲೇ ವಿವರಿಸುವುದನ್ನು ಕೇಳಿದಾಗ ಆಗುವ ಖುಷಿಯನ್ನು ಮುಖದಲ್ಲೇ ನೋಡಬಹುದು.

ಇಂಗ್ಲಿಷ್ ಪ್ರದರ್ಶನ ಮುಗಿಸಿ ಬಂದವರು "ಚಂದ ಇತ್ತು" ಎಂದು ಬಸ್ಸು ಹತ್ತುತ್ತಾರೆ. ಕನ್ನಡದ್ದು ನೋಡಿದ ಆ ಸಲ ಬಸ್ಸಿನ ತುಂಬ ಪ್ರಶ್ನೆಗಳು. ಧ್ರುವ ನಕ್ಷತ್ರ ನಮ್ಮ ಮನೆಯಂಗಳದಿಂದ ಯಾಕೆ ಕಾಣುವುದಿಲ್ಲ ಎಂದು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಜೊತೆಗಿದ್ದ ವಿಜ್ಞಾನದ ಟೀಚರ್ ಎದ್ದು ನಿಂತು ಹೇಳಿದರು: ನಾವು ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದ್ದೇವೋ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ, ಕಾಸರಗೋಡು ಹನ್ನೆರಡೂವರೆ ಡಿಗ್ರಿಯಲ್ಲಿದೆ, ಅಷ್ಟು ತಗ್ಗಿನಲ್ಲಿರುವುದನ್ನು ಅಡಿಕೆ ತೋಟವೂ ಗುಡ್ಡವೂ ಮರೆಮಾಡುತ್ತವೆ. ಹಾಗಾದರೆ ಬೇಕಲ ಕೋಟೆಯ ಮೇಲೆ ನಿಂತರೆ ಕಾಣಬಹುದಾ ಎಂದು ಹಿಂದಿನ ಸೀಟಿನಿಂದ ಇನ್ನೊಬ್ಬ. ಅಂಥ ಮಾತುಕತೆ ಹುಟ್ಟುವ ಪ್ರವಾಸವನ್ನೇ ನಾನು ಒಳ್ಳೆಯ ಪ್ರವಾಸ ಎನ್ನುವುದು.

ಎರಡನೆಯ ಜಾಗ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ರೈಟ್ ಸೋದರರ ವಿಮಾನದ ನಿಜಗಾತ್ರದ ಮಾದರಿ ಅಲ್ಲಿದೆ, ಮುಟ್ಟಿ ತಿರುಗಿಸಿ ನೋಡುವ ಯಂತ್ರಗಳಿವೆ. ಅಲ್ಲಿಂದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಹತ್ತಿರ. ಬಸ್ಸನ್ನು ಮುಂದೆ ಕಳುಹಿಸಿ ಮಕ್ಕಳನ್ನು ಮೆಟ್ರೊದಲ್ಲಿ ಇಂದಿರಾನಗರದವರೆಗೆ ಕರೆದೊಯ್ಯಿರಿ. ಕಬ್ಬನ್ ಪಾರ್ಕ್ ನಿಲ್ದಾಣ ನೆಲದಡಿ ಇದೆ, ಎಂ.ಜಿ. ರೋಡ್ ಬರುವಷ್ಟರಲ್ಲಿ ರೈಲು ಸುರಂಗದಿಂದ ಹೊರಬಂದು ಮೇಲಕ್ಕೇರುತ್ತದೆ. ಆ ಕ್ಷಣಕ್ಕೆ ಮಕ್ಕಳು ಹಾಕುವ ಬೊಬ್ಬೆ ಯಾವ ಪಾರ್ಕಿನಲ್ಲೂ ಕೇಳಿಲ್ಲ ನಾನು. ಕೇರಳದಲ್ಲಿ ಮೆಟ್ರೊ ಇರುವುದು ಕೊಚ್ಚಿಯಲ್ಲಿ, ನಮಗೆ ಅದು ಬೆಂಗಳೂರಿನಷ್ಟೇ ದೂರ.

ಪಟ್ಟಿಯಲ್ಲಿ ಯಾರೂ ಬರೆಯದ ಒಂದು ವಿಷಯ ಶೌಚಾಲಯ. ದೊಡ್ಡ ಹುಡುಗಿಯರು ಪ್ರವಾಸದಲ್ಲಿ ನೀರು ಕುಡಿಯುವುದೇ ಇಲ್ಲ. ಎಲ್ಲಿ ಹೋಗುವುದು ಎಂಬ ಹೆದರಿಕೆ. ಮಧ್ಯಾಹ್ನಕ್ಕೆ ತಲೆನೋವು, ಸಂಜೆಗೆ ಸುಸ್ತು. ಬಿಸಿಲಿಗೆ ಹಾಗಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ನಾನೀಗ ದಾರಿ ಬರೆಯುವಾಗಲೇ ಎಲ್ಲೆಲ್ಲಿ ಶುಚಿಯಾದ ಶೌಚಾಲಯ ಇದೆ ಎಂದು ಗುರುತು ಹಾಕಿ, ಹೊರಡುವ ಮುಂಚೆ ಟೀಚರ ಮೂಲಕ ಹುಡುಗಿಯರಿಗೆ ತಿಳಿಸುತ್ತೇನೆ. ಎರಡು ಗಂಟೆಗೊಮ್ಮೆ ನಿಲ್ಲುತ್ತೇವೆ ಎಂದು ಗೊತ್ತಾದರೆ ಅವರು ನೀರು ಕುಡಿಯುತ್ತಾರೆ. ಹುಡುಗರ ಜೊತೆ ಒಬ್ಬ ಮಾಷ್ಟ್ರು ಸಾಕಾಗಬಹುದು, ಹುಡುಗಿಯರಿಗೆ ಇಬ್ಬರು ಟೀಚರು ಬೇಕು.

ವಂಡರ್‌ಲಾ ಬೇಕೇ ಬೇಕು ಎಂದರೆ ಅದಕ್ಕೆ ಒಂದು ಪೂರ್ತಿ ದಿನ ಬಿಡಿ. ಬಿಡದಿಯ ಹತ್ತಿರ ಇದೆ, ಮೈಸೂರು ದಾರಿಯಲ್ಲೇ. ದೊಡ್ಡ ಆಟಗಳಿಗೆ ಎತ್ತರದ ಮಿತಿ ಇದೆ; ಆರನೇ ಕ್ಲಾಸಿನ ಸಣ್ಣ ಮಕ್ಕಳು ಗೇಟಿನಿಂದ ಹಿಂದೆ ಬಂದು ಅಳುವುದನ್ನು ನೋಡಲಾಗದು. ಪ್ರಾಥಮಿಕ ಶಾಲೆಯವರಿಗೆ ನಾನು ಅದನ್ನು ಹೇಳುವುದೇ ಇಲ್ಲ. ಲಾಲ್‌ಬಾಗ್ ಚಂದವೇ, ಆದರೆ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಕ್ಕಳ ಸಾಲು ಹಿಡಿದು ಅಲ್ಲಿಗೆ ಹೋಗಬೇಡಿ.

ದೊಡ್ಡವರ ತಂಡದವರಿಗೂ ಒಂದು ಮಾತು. ನಮ್ಮ ಊರಿನ ಯುವಕ ಮಂಡಲದವರು, ವಾಚನಾಲಯದವರು ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡಬೇಕು ಎನ್ನುತ್ತಾರೆ. ಒಳ್ಳೆಯ ಆಸೆ. ಯಕ್ಷಗಾನಕ್ಕೆ ಊಟ ಮುಗಿಸಿ ಯಾವಾಗ ಬೇಕಾದರೂ ಹೋಗಿ ಕೂತವರು ನಾವು. ಅಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಆ ದಿನ ಮಧ್ಯಾಹ್ನದಿಂದಲೇ ದಕ್ಷಿಣ ಭಾಗದಲ್ಲಿ ಇರಿ.

ತಾರಾಲಯದ ಕನ್ನಡ ಪ್ರದರ್ಶನಕ್ಕೆ ಶಾಲೆಯ ಹೆಸರಿನಲ್ಲಿ ಮುಂಚಿತವಾಗಿ ಮಾತಾಡಿಕೊಳ್ಳಬೇಕು. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಮೇಲಿನ ಶಾಲೆಗಳ ಬಸ್ಸುಗಳೂ ಅಲ್ಲೇ ಸಾಲುಗಟ್ಟಿರುತ್ತವೆ. ಓಣಂ ರಜೆ ಮುಗಿದ ಕೂಡಲೇ ದಿನ ನಿಶ್ಚಯಿಸಿ, ಮಕ್ಕಳ ಸಂಖ್ಯೆ ಬರೆದು ಪತ್ರ ಕಳುಹಿಸಿ, ಯಾವ ಭಾಷೆಯ ಪ್ರದರ್ಶನ ಎಂಬುದನ್ನು ಅದೇ ಪತ್ರದಲ್ಲಿ ನಮೂದಿಸಿ. ಬಸ್ಸಿನ ಮಾತು ಆಮೇಲೆ ಆಡೋಣ.