ನೋಡಿದವನನ್ನು ಯಾರೂ ಕೇಳುವುದಿಲ್ಲ

ರಾಯಚೂರಿನ ಮದರಸಾ ಹಾಸ್ಟೆಲೊಂದರಲ್ಲಿ ಈ ವಾರ ಕಂಡದ್ದು. ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆ, ಕೈಕಾಲು ಮುಖ ತೊಳೆದು ವಜೂ ಮಾಡುವ ವಜೂಖಾನೆಯಲ್ಲಿ ಮೂವರು ದೊಡ್ಡ ಹುಡುಗರು ಒಬ್ಬ ಚಿಕ್ಕವನ ಟೋಪಿ ಕಿತ್ತು ಅತ್ತಿತ್ತ ಎಸೆದಾಡುತ್ತ, ಅಡ್ಡಹೆಸರು ಕೂಗುತ್ತಿದ್ದರು. ಪಕ್ಕದ ನಲ್ಲಿಯ ಹುಡುಗ ತಲೆ ಎತ್ತಲಿಲ್ಲ. ವಜೂನಲ್ಲಿ ಕೈ ತೊಳೆಯುವುದು ಮೂರು ಸಲ. ಅವನು ಅದೇ ಬಲಗೈಯನ್ನು ತೊಳೆಯುತ್ತಲೇ ಇದ್ದ. ಉಸ್ತಾದರು ಬಂದು ಕೇಳಿದರೆ, "ನಾ ಏನೂ ನೋಡಿಲ್ರಿ, ಹಜರತ್."

"ನಾ ಏನೂ ನೋಡಿಲ್ರಿ." ಇನ್ನೇನು ಹೇಳಿಯಾನು? ರಾತ್ರಿ ಆ ಮೂವರ ಪಕ್ಕದಲ್ಲೇ ಅವನ ಹಾಸಿಗೆ. ಕೆನಡಾದ ಶಾಲಾ ಬಯಲುಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೊತೆಯ ಮಕ್ಕಳು ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಆದರೆ ಆ ಮಕ್ಕಳು ಸಂಜೆ ಮನೆಗೆ ಹೋಗುವವರು.

ಹೀಗೆ ನೋಡಿ ಹೆದರಿದವನಿಗೆ ಮೊದಲು ಕೆಡುವುದು ನಿದ್ದೆ. ಹಿಫ್ಜ್, ಅಂದರೆ ಇಡೀ ಕುರಾನ್ ಬಾಯಿಪಾಠ, ಮಾಡುವವನಿಗೆ ಅದೇ ದೊಡ್ಡ ಪೆಟ್ಟು, ಬಾಯಿಪಾಠ ಗಟ್ಟಿಯಾಗುವುದೇ ನಿದ್ದೆಯಲ್ಲಿ. ನಸುಕಿನ ಫಜರ್ ನಮಾಜ್ ಆದಮೇಲೆ ಸಬಕ್ (ಅಂದಿನ ಪಾಠ) ಒಪ್ಪಿಸುವಾಗ ತಡವರಿಸುತ್ತಾನೆ, ‘ಮೈಗಳ್ಳ’ ಅನ್ನಿಸಿಕೊಳ್ಳುತ್ತಾನೆ. ಉಸ್ತಾದರು ಕೆಟ್ಟವರಲ್ಲ, ಅಷ್ಟೊಂದು ಮಕ್ಕಳ ಸಬಕ್ ಕೇಳುವವರಿಗೆ ಒಬ್ಬನ ಮುಖ ನೋಡಲು ಪುರುಸೊತ್ತೆಲ್ಲಿ? ಕುರಾನಿನ 49ನೇ ಸೂರಾದ 11ನೇ ಆಯತ್ ಹೀಯಾಳಿಸಬೇಡಿ, ಅಡ್ಡಹೆಸರಿಟ್ಟು ಕರೆಯಬೇಡಿ ಎನ್ನುತ್ತದೆ. ಅದನ್ನು ಬಾಯಿಪಾಠ ಮಾಡುವ ಮಗು ಕಣ್ಣೆದುರೇ ಅದು ಮುರಿಯುವಾಗ ಸುಮ್ಮನಿದ್ದು, ತಾನೂ ಪಾಪ ಮಾಡಿದೆ ಎಂದು ಒಳಗೇ ಕೊರಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

"ಯಾರು ಮಾಡಿದ್ದು?" ಎಂದು ಎಲ್ಲರೆದುರು ಕೇಳಲೇಬಾರದು, ಬಾಯಿಬಿಟ್ಟವನು ಚಾಡಿಕೋರನಾಗುತ್ತಾನೆ. ಆ ಕೋಣೆಯ ಎಲ್ಲರನ್ನೂ ಒಬ್ಬೊಬ್ಬರಾಗಿ ಐದೈದು ನಿಮಿಷ ಕರೆದರೆ ಹೇಳಿದವನು ಯಾರೆಂದು ಹೊರಗೆ ಗೊತ್ತಾಗುವುದಿಲ್ಲ. ಹೆಸರು ಬೇಡ, ಜಾಗ ಕೇಳಿ: "ಎಲ್ಲಿಗೆ ಹೋಗಾಕ ಮನಸಾಗಲ್ಲ?" ನಾಲ್ಕು ಮಕ್ಕಳು ವಜೂಖಾನೆ ಎಂದರೆ, ಅಜಾನ್‌ಗೆ ಹತ್ತು ನಿಮಿಷ ಮುಂಚಿನಿಂದ ದೊಡ್ಡವರೊಬ್ಬರು ಅಲ್ಲಿರಬೇಕು. ಕೋಣೆ ಬದಲಿಸುವುದಾದರೆ ಕಾಟ ಕೊಟ್ಟವರದ್ದು ಬದಲಾಗಲಿ. ಚಿಕ್ಕವನನ್ನು ಎತ್ತಂಗಡಿ ಮಾಡಿದರೆ ಶಿಕ್ಷೆ ಅವನಿಗೇ ಆದಂತೆ. ಎಲ್ಲರೆದುರು ಬೆತ್ತವಂತೂ ಬೇಡವೇ ಬೇಡ. ನೋಡಿದವನು ಅದನ್ನೂ ನೋಡುತ್ತಾನೆ, ಮತ್ತಷ್ಟು ಮುದುರುತ್ತಾನೆ.

ಮನೆಗೆ ಫೋನ್ ಮಾಡಿಸುವಾಗ ಸ್ಪೀಕರ್ ಹಾಕಿ ವಾರ್ಡನ್ ಪಕ್ಕದಲ್ಲೇ ನಿಂತರೆ "ಎಲ್ಲ ಚಲೋ ಅದ ಅಮ್ಮಿ" ಬಿಟ್ಟು ಬೇರೇನೂ ಬರುವುದಿಲ್ಲ. ಮಾನ್ವಿ, ದೇವದುರ್ಗದಲ್ಲಿ ಕೂತ ತಾಯಿ "ಊಟ ಆಯ್ತಾ?" ಜೊತೆಗೆ "ನಿದ್ದಿ ಬರ್ತದಾ? ಬಾಜೂಕ ಯಾರು ಮಲಗ್ತಾರ?" ಅಂತಲೂ ಕೇಳಲಿ. ವಾರ್ಡನ್ ನಾಲ್ಕು ಹೆಜ್ಜೆ ದೂರ ಹೋಗಲಿ. ಫೋನ್ ಇರುವ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಮಕ್ಕಳ ಕಣ್ಣಳತೆಯಲ್ಲಿ, ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ.