ಬಿದಿರು ನುಂಗಿದ ಒತ್ತಕ್ಷರ

ಶಿರಸಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಮೊದಲು ಬಟ್ಟೆ ಬ್ಯಾನರ್ ಮೇಲೆ ಬ್ರಷ್ ಹಿಡಿದು ಬರೆಯುತ್ತಿದ್ದೆ. ಧರಣಿ, ಮೆರವಣಿಗೆ, ಚುನಾವಣೆ ಅಂತ ಎಲ್ಲ ಬಗೆಯ ಘೋಷಣೆ ಕೈಯಲ್ಲಿ ಹಾದು ಹೋಗಿವೆ.

ಕೆಲವು ವರ್ಷಗಳ ಹಿಂದೆ ಒಂದು ಮೆರವಣಿಗೆಯವರು ಬಂದು, 'ಘೋಷಣೆ ನೀವೇ ಬರೀರಿ' ಅಂದರು. ನನಗೂ ಉಮೇದು ಬಂತು. 'ಹಕ್ಕುಪತ್ರಕ್ಕಾಗಿ ಅರಣ್ಯವಾಸಿಗಳ ಒಕ್ಕೊರಲಿನ ಹಕ್ಕೊತ್ತಾಯ' ಅಂತ ಬರೆದು ಪ್ರಿಂಟ್ ತೆಗೆದೆ. ನಾಲ್ಕು ಪದ, ಏಳು ಒತ್ತಕ್ಷರ! ಗಾಳಿಗೆ ಹಾರದಿರಲಿ ಎಂದು ಅವರು ಕೆಳಗಿನ ಅಂಚನ್ನು ಬಿದಿರು ಗಳಕ್ಕೆ ಸುತ್ತಿ ಕಟ್ಟಿದರು. ನಾನು ಅಂಚಿಗೆ ಜಾಗ ಬಿಟ್ಟಿರಲಿಲ್ಲ. ಒತ್ತಕ್ಷರವೆಲ್ಲ ಬಿದಿರಿನೊಳಗೆ ಹೋಯಿತು. ಉಳಿದದ್ದು 'ಹಕುಪತಕಾಗಿ', 'ಹಕೊತಾಯ'.

ಅದಕ್ಕಾದರೂ ನಗಬಹುದಿತ್ತು. ಕೂಗುವಾಗ ಆದ ಫಜೀತಿ ಬೇರೆ. ಮುಂದಿದ್ದವನಿಗೆ ಸಾಲು ಮುಗಿಯುವಷ್ಟರಲ್ಲಿ ಉಸಿರು ಸಾಲುತ್ತಿರಲಿಲ್ಲ. ಹಿಂದಿನವರಿಗೆ ತಿರುಗಿ ಹೇಳಲು ನಾನು ಏನೂ ಇಟ್ಟಿರಲೇ ಇಲ್ಲ. ಐದು ರಸ್ತೆ ಸರ್ಕಲ್ ಬರುವುದರೊಳಗೆ ನನ್ನ ಸಾಲು ಬಿಟ್ಟು 'ಬೇಕೇ ಬೇಕು, ನ್ಯಾಯ ಬೇಕು' ಹಿಡಿದರು. ಬ್ಯಾನರ್ ಸುಮ್ನೆ ಮುಂದೆ ಹೋಗುತ್ತಿತ್ತು.

ನಾಚಿಕೆಯಾದದ್ದು ಇನ್ನೊಂದಕ್ಕೆ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿಯ ಘೋಷಣೆ 'ಉಳಿಸು, ಬೆಳೆಸು, ಬಳಸು'. ಒಂದೂ ಒತ್ತಕ್ಷರ ಇಲ್ಲ, ನೋಡಿ. ಮೂರೂ ಕೆಲಸ ಹೇಳುವ ಪದಗಳೇ. ನನಗೆ ಜಾಸ್ತಿ ಇಷ್ಟವಾಗುವುದು ಕೊನೆಯ 'ಬಳಸು'. ಇಲ್ಲಿ ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪು ಬೇಕು, ಒಲೆಗೆ ಸೌದೆ ಬೇಕು. ಬರೀ 'ಕಾಡು ಮುಟ್ಟಬೇಡಿ' ಅಂದಿದ್ದರೆ ತೋಟದವರು ಯಾಕೆ ಬರುತ್ತಿದ್ದರು? ಬಳಸು ಅಂದರು, ಆದರೆ ಮೂರನೆಯದಾಗಿ.

ಚುನಾವಣೆ ಕೆಲಸ ಬೇರೆಯೇ. ಹತ್ತು-ಹನ್ನೆರಡು ನಾಯಕರ ಮುಖ ಕೂರಿಸಿದ ಮೇಲೆ ಘೋಷಣೆಗೆ ಸಿಗುವುದು ಒಂದು ಪಟ್ಟಿ ಜಾಗ. ಮೂಲೆಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಕಾನೂನಿನ ಪ್ರಕಾರ ಹಾಕಲೇಬೇಕು. ಆ ಇಕ್ಕಟ್ಟಿನಲ್ಲೂ ನಿಲ್ಲುವಂಥದ್ದು 1971ರ 'ಗರೀಬಿ ಹಟಾವೋ'. ಎದುರಿನವರ 'ಇಂದಿರಾ ಹಟಾವೋ'ದಲ್ಲಿ ಒಂದೇ ಪದ ಬದಲಿಸಿದ ಉತ್ತರ ಅದು. ಬಡತನ ಹೋಯಿತಾ ಅನ್ನುವುದು ಬೇರೆ ಲೆಕ್ಕ.

2022ರಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಹೋರಾಟ ಜೋರಾದಾಗ 'ನೋ ಹಾಸ್ಪಿಟಲ್, ನೋ ವೋಟ್' ಎಂಬ ಕೂಗು ಎದ್ದಿತು. ಇಂಗ್ಲಿಷ್ ಯಾಕೆ ಅಂತ ಮೊದಲು ಮುಖ ಸಿಂಡರಿಸಿದೆ. ಆಮೇಲೆ ಬಾಯಲ್ಲಿ ಹೇಳಿ ನೋಡಿದೆ. ಮೊದಲರ್ಧ ಒಬ್ಬ, ಉಳಿದರ್ಧ ಗುಂಪು. ಬೇಡಿಕೆಯೂ ಇದೆ, ಬೆದರಿಕೆಯೂ ಇದೆ. ಕಾರವಾರದಿಂದ ಮಣಿಪಾಲಕ್ಕೋ ಗೋವಾಕ್ಕೋ ಆಂಬುಲೆನ್ಸ್‌ನಲ್ಲಿ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಾ?

ಈಗ ಘೋಷಣೆ ತಂದವರನ್ನು ಅಂಗಡಿಯೊಳಗೇ ಎರಡು ಸುತ್ತು ನಡೆಸಿ ಕೂಗಿಸುತ್ತೇನೆ. ಮೊನ್ನೆ ಒಬ್ಬ ಹುಡುಗ 'ಸರ್ವಾಂಗೀಣ' ಅಂತ ಬರೆದುಕೊಂಡು ಬಂದಿದ್ದ. 'ಕೂಗು ತಮ್ಮಾ' ಅಂದೆ. ನಾಚಿಕೊಂಡು ಒಮ್ಮೆ ಕೂಗಿದ, ಎರಡನೇ ಸಲ ತೊದಲಿದ. ಆಮೇಲೆ ಅವನೇ ಪೆನ್ನು ಕೇಳಿದ.