ಈಟನ್ ಪ್ಲೇಸ್‌ನ ಕೆಳಮನೆಯವರು

ಬ್ರಿಟಿಷ್ ಟೆಲಿವಿಷನ್ನಿನ ಹಳೆಯ ಧಾರಾವಾಹಿಗಳಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದುದು ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’. ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆಯು 1971ರ ಅಕ್ಟೋಬರ್ 10ರಂದು ಆರಂಭಿಸಿ 1975ರ ಡಿಸೆಂಬರ್ 21ರಂದು ಮುಗಿಸಿದ, ಐದು ಸರಣಿಗಳ, 68 ಕಂತುಗಳ ಈ ಕಥೆ, ಲಂಡನ್ನಿನ ಬೆಲ್‌ಗ್ರೇವಿಯಾದ 165, ಈಟನ್ ಪ್ಲೇಸ್ ಎಂಬ ಒಂದೇ ಮನೆಯೊಳಗೆ 1903ರಿಂದ 1930ರವರೆಗೆ ನಡೆಯುತ್ತದೆ. ಮೇಲಿನ ಅಂತಸ್ತುಗಳಲ್ಲಿ ಬೆಲ್ಲಮಿ ಕುಟುಂಬದ ವಾಸ. ನೆಲಮಾಳಿಗೆಯ ಅಡಿಗೆಮನೆಯಲ್ಲಿ ಬಟ್ಲರ್ ಹಡ್ಸನ್, ಅಡಿಗೆಯ ಮಿಸೆಸ್ ಬ್ರಿಡ್ಜಸ್, ಮನೆಗೆಲಸದ ರೋಸ್, ಎಡ್ವರ್ಡ್, ಡೇಸಿ, ರೂಬಿ ಮೊದಲಾದವರ ಸಂಸಾರ. ಇವರನ್ನೆಲ್ಲ ನಾನು ನಮ್ಮ ಬಂಧುಬಳಗದವರಷ್ಟೇ ಸಲಿಗೆಯಿಂದ ನೆನೆಯುತ್ತೇನೆ. ರೋಸ್ ಪಾತ್ರವನ್ನು ಮಾಡಿದ ಜೀನ್ ಮಾರ್ಷ್ ಅವರು 2025ರ ಏಪ್ರಿಲ್‌ನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರೆಂದು ತಿಳಿದಾಗ ಆದ ಸಂಕಟವೂ ಅಂಥದೇ ಆಗಿತ್ತು. ಅವರ ನೆನಪಿನಲ್ಲಿ ಈ ಬರಹ.

ನಾವು ಈ ಧಾರಾವಾಹಿಯನ್ನು ನೋಡಿದ್ದು ಅದು ಪ್ರಸಾರವಾಗಿ ಎಷ್ಟೋ ವರ್ಷಗಳಾದ ಮೇಲೆ, ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಭಾವ ತಂದುಕೊಟ್ಟ ಡಿವಿಡಿಗಳಲ್ಲಿ, ತೀರ್ಥಹಳ್ಳಿಯ ಹತ್ತಿರ ನಮ್ಮ ದೊಡ್ಡಪ್ಪನ ಮನೆಯಲ್ಲಿ. ಹೊರಗೆ ಆಷಾಢದ ಮಳೆ ಹಿಡಿದುಕೊಂಡಿರುತ್ತಿತ್ತು; ಕರೆಂಟು ಇದ್ದಷ್ಟು ಹೊತ್ತು ಕಥೆ, ಹೋದಾಗ ಕಥೆಯ ಮೇಲಿನ ಮಾತು. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ನಡುನಡುವೆ ನಿಲ್ಲಿಸಿ ಮಾತುಗಳನ್ನು ವಿವರಿಸುತ್ತಿದ್ದೆ. ಆದರೆ ಅಡಿಗೆಮನೆಯ ದೃಶ್ಯಗಳು ಬಂದಾಗ ವಿವರಣೆ ಬೇಡವೆಂದು ಕೈಸನ್ನೆ ಮಾಡಿಬಿಡುತ್ತಿದ್ದರು. ಮೂವತ್ತು ಜನ ಉಣ್ಣುತ್ತಿದ್ದ ಒಟ್ಟು ಕುಟುಂಬದ ಒಲೆಯ ಮುಂದೆ ಪ್ರಾಯವನ್ನೆಲ್ಲ ಕಳೆದ ಅವರಿಗೆ, ಮಿಸೆಸ್ ಬ್ರಿಡ್ಜಸ್ ಯಾವ ಕ್ಷಣದಲ್ಲಿ ಯಾಕೆ ಸಿಡುಕುತ್ತಾಳೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಅವಳಿಗೆ ಆ ಹುಡುಗಿಯ ಮೇಲೆ ಸಿಟ್ಟಲ್ಲ ಮಾರಾಯ್ತಿ, ಮೇಲಿನವರು ಹೊತ್ತಲ್ಲದ ಹೊತ್ತಿನಲ್ಲಿ ಊಟ ಕೇಳಿದರಲ್ಲ, ಅದಕ್ಕೆ” ಎಂದು ಅವರು ಹೇಳಿದ ಮೇಲೆ ನಾನು ಆ ದೃಶ್ಯವನ್ನು ಇನ್ನೊಮ್ಮೆ ನೋಡಿದೆ. ಏಂಜೆಲಾ ಬ್ಯಾಡ್ಲಿ ಅವರ ಅಭಿನಯದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು: ಬೈಗುಳ ರೂಬಿಯ ಕಡೆಗೆ, ಕಣ್ಣು ಮಾತ್ರ ಮೆಟ್ಟಿಲಿನ ಕಡೆಗೆ.

ಈ ಕಥೆಯ ಮೂಲ ಕಲ್ಪನೆ ಇಬ್ಬರು ನಟಿಯರದು, ಜೀನ್ ಮಾರ್ಷ್ ಮತ್ತು ಐಲೀನ್ ಅಟ್ಕಿನ್ಸ್ ಅವರದು. ದೊಡ್ಡ ಮನೆಗಳ ವೈಭವವನ್ನು ತೋರಿಸುವ ಕಥೆಗಳಲ್ಲಿ ಆ ವೈಭವವನ್ನು ತೊಳೆದು, ಒರೆಸಿ, ಬೇಯಿಸಿ, ಬಡಿಸಿ ನಿಲ್ಲಿಸುವವರು ಎಲ್ಲಿ ಹೋದರು ಎಂಬ ಪ್ರಶ್ನೆಯಿಂದ ಹುಟ್ಟಿದ ಕಲ್ಪನೆ ಅದು. ಸಾರಾ ಎಂಬ ಕೆಲಸದ ಹುಡುಗಿಯ ಪಾತ್ರವನ್ನು ಅಟ್ಕಿನ್ಸ್ ಅವರೇ ಮಾಡಬೇಕಾಗಿತ್ತು. ಅವರು ರಂಗಭೂಮಿಯ ಕೆಲಸದಲ್ಲಿ ತೊಡಗಿದ್ದುದರಿಂದ ಪಾತ್ರ ಪಾಲೀನ್ ಕಾಲಿನ್ಸ್ ಅವರಿಗೆ ಬಂತು. ಸುಳ್ಳು, ಹಾಡು, ಕನಸು, ಹಟ ಎಲ್ಲವೂ ತುಂಬಿದ್ದ ಆ ಹುಡುಗಿಯನ್ನು ಕಾಲಿನ್ಸ್ ಅವರಲ್ಲದೆ ಬೇರೆಯವರಲ್ಲಿ ಊಹಿಸುವುದು ಈಗ ನನ್ನಿಂದಾಗದು.

ಮೊದಲ ಕಂತಿನ ಮೊದಲ ಘಟನೆಯಲ್ಲೇ ಇಡೀ ಕಥೆಯ ನೆಲೆ ತಿಳಿದುಬಿಡುತ್ತದೆ. ಕೆಲಸ ಕೇಳಿಕೊಂಡು ಬಂದ ಹುಡುಗಿ ಹೆಬ್ಬಾಗಿಲಿನ ಗಂಟೆಯನ್ನು ಒತ್ತುತ್ತಾಳೆ. ಅವಳು ಬರಬೇಕಾದ ದಾರಿ ಅದಲ್ಲ, ಕೆಳಗಿಳಿಯುವ ಮೆಟ್ಟಿಲುಗಳದು ಎಂದು ಅವಳಿಗೆ ತಿಳಿಸಲಾಗುತ್ತದೆ. ಮನೆಯೊಡತಿ ಲೇಡಿ ಮಾರ್ಜರಿ ಸಂದರ್ಶನಕ್ಕೆ ಕುಳಿತಾಗ ಹುಡುಗಿ ತನ್ನ ಹೆಸರು ಕ್ಲೆಮೆನ್ಸ್ ಎನ್ನುತ್ತಾಳೆ. ಆ ಹೆಸರು ಕೆಲಸದವಳಿಗೆ ಒಪ್ಪುವಂಥದಲ್ಲವೆಂದು ಒಡತಿ ಅವಳಿಗೆ ಸಾರಾ ಎಂದು ಹೆಸರಿಟ್ಟುಬಿಡುತ್ತಾಳೆ. ರೇಚಲ್ ಗರ್ನಿ ಅವರು ಇದನ್ನು ಕಿಂಚಿತ್ತೂ ಗಡುಸಿಲ್ಲದೆ, ಬಹಳ ಸೌಜನ್ಯದಿಂದ, ಒಂದು ಉಪಕಾರ ಮಾಡುವ ಧಾಟಿಯಲ್ಲಿ ಅಭಿನಯಿಸಿದ್ದಾರೆ. ಅವರೇನಾದರೂ ಅಲ್ಲಿ ದರ್ಪ ತೋರಿಸಿದ್ದರೆ ನಾವು ಅವರನ್ನು ದ್ವೇಷಿಸಿ ಹಗುರಾಗುತ್ತಿದ್ದೆವು. ಆ ಸೌಜನ್ಯವೇ ನೋಡುವವರನ್ನು ಇರಿಸುಮುರಿಸಿಗೆ ಒಡ್ಡುತ್ತದೆ.

ದೊಡ್ಡಮ್ಮ ಈ ಕಂತನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಗೂ ಎರಡು ದಾರಿಗಳಿದ್ದವು. ನೆಂಟರು ಜಗಲಿ ಹತ್ತಿ ಹೆಬ್ಬಾಗಿಲಿನಿಂದ ಬರುತ್ತಿದ್ದರು; ಅಡಿಕೆ ಸುಲಿಯುವ ಹೆಂಗಸರು, ಅಡಿಕೆ ಗೊನೆ ಕೊಯ್ಯುವ ಕೊನೆಗಾರ, ಗದ್ದೆಯ ಒಕ್ಕಲುಗಳು ಕೊಟ್ಟಿಗೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಿಲಿಗೆ ಬರುತ್ತಿದ್ದರು. ಗೇಣಿಯ ಅಳತೆಯ ಕೊಳಗದ ವಿಷಯಕ್ಕೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹ ಹೂಡಿದ ಸೀಮೆ ನಮ್ಮದು. ಲಂಡನ್ನಿನಲ್ಲಿ ಈ ಧಾರಾವಾಹಿ ಪ್ರಸಾರವಾಗುತ್ತಿದ್ದ ಹೊತ್ತಿಗೇ, ಅಂದರೆ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ, ನಮ್ಮೂರಿನ ಒಕ್ಕಲುಗಳು ತಾವು ಉಳುತ್ತಿದ್ದ ನೆಲ ತಮ್ಮದಾಗಬೇಕೆಂದು ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಹಾಕುತ್ತಿದ್ದರು. ದೊಡ್ಡಪ್ಪ ಆ ವರ್ಷಗಳನ್ನು ಕಳೆದುಕೊಂಡ ಗದ್ದೆಗಳ ಲೆಕ್ಕದಲ್ಲಿ ನೆನೆಸಿಕೊಳ್ಳುತ್ತಿದ್ದರೆ, ದೊಡ್ಡಮ್ಮ ಹಿತ್ತಿಲಿಗೆ ಬರುವುದನ್ನು ಬಿಟ್ಟ ಮುಖಗಳ ಲೆಕ್ಕದಲ್ಲಿ ನೆನೆಸಿಕೊಳ್ಳುತ್ತಿದ್ದರು. ಹೀಗಾಗಿ ಬೆಲ್ಲಮಿಗಳ ಮನೆಯ ಕಥೆ ನಮಗೆ ಪರದೇಶದ ಕಥೆಯೆಂದು ಅನ್ನಿಸಲೇ ಇಲ್ಲ.

ಪಾತ್ರವರ್ಗದಲ್ಲಿ ಯಾರು ಹೆಚ್ಚು ಎಂದು ಆರಿಸಬೇಕಾದರೆ ನಾನು ಗಾರ್ಡನ್ ಜ್ಯಾಕ್ಸನ್ ಅವರ ಹಡ್ಸನ್‌ನನ್ನು ರೋಸ್‌ಗಿಂತ ಒಂದು ಮೆಟ್ಟಿಲು ಕೆಳಗೆ ಇಡುತ್ತೇನೆ, ಒಂದೇ ಒಂದು ಮೆಟ್ಟಿಲು. ಸ್ಕಾಟ್‌ಲೆಂಡಿನವನಾದ ಈ ಬಟ್ಲರ್ ಧರ್ಮಭೀರು, ಶಿಸ್ತಿನವನು, ಯಜಮಾನರ ಘನತೆಯನ್ನು ಯಜಮಾನರಿಗಿಂತ ಹೆಚ್ಚು ಕಾಪಾಡುವವನು. ಇಂಥವನು ಕೊನೆಯ ಸರಣಿಯಲ್ಲಿ ತನಗಿಂತ ಎಷ್ಟೋ ಚಿಕ್ಕವಳಾದ ಲಿಲಿ ಎಂಬ ಕೆಲಸದ ಹುಡುಗಿಗೆ ಮನಸೋಲುತ್ತಾನೆ. ಜ್ಯಾಕ್ಸನ್ ಅವರು ಆ ಭಾಗವನ್ನು ನಗೆಪಾಟಲಾಗಲು ಬಿಡದೆ, ಜೀವಮಾನವಿಡೀ ಇನ್ನೊಬ್ಬರ ಗಡಿಯಾರಕ್ಕೆ ಸರಿಯಾಗಿ ಬದುಕಿದ ಮನುಷ್ಯನೊಬ್ಬನ ಒಂಟಿತನವನ್ನು ಅಲ್ಲಿ ತೆರೆದಿಟ್ಟಿದ್ದಾರೆ.

ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಶಿಖರವೆಂದರೆ ದೊರೆ ಏಳನೆಯ ಎಡ್ವರ್ಡ್ ಊಟಕ್ಕೆ ಬರುವ ಕಂತು. ಮನೆಯಲ್ಲಿ ಬೆಳ್ಳಿಯ ಸಾಮಾನುಗಳು ಹೊಳೆಯುತ್ತಿವೆ, ಮಿಸೆಸ್ ಬ್ರಿಡ್ಜಸ್ ತನ್ನ ಬಾಳಿನ ಅತಿ ದೊಡ್ಡ ಅಡಿಗೆಯನ್ನು ಮಾಡುತ್ತಿದ್ದಾಳೆ. ಹಿಂದೆಯೇ ಕೆಲಸ ಬಿಟ್ಟುಹೋಗಿದ್ದ ಸಾರಾ ಅದೇ ರಾತ್ರಿ ಹೆರಿಗೆ ನೋವಿನಲ್ಲಿ ಆ ಮನೆಗೆ ಬಂದು ಸೇರುತ್ತಾಳೆ. ಮಗುವಿನ ತಂದೆ ಆ ಮನೆಯ ಮಗ ಜೇಮ್ಸ್. ದೊರೆಯ ಊಟಕ್ಕೆ ಭಂಗ ಬರಬಾರದು, ಹುಡುಗಿಯೂ ಉಳಿಯಬೇಕು. ಕೆಳಗಿನವರು ಎರಡೂ ಕೆಲಸಗಳನ್ನು ಒಂದೇ ಕೈಯಲ್ಲಿ ಹಿಡಿದು ನಡೆಸುವ ಆ ಒಂದು ಗಂಟೆಯಲ್ಲಿ ಒಬ್ಬರಾದರೂ ಭಾಷಣ ಮಾಡುವುದಿಲ್ಲ. ಪಾತ್ರೆಗಳು ಮೇಲೆ ಹೋಗುತ್ತವೆ, ಖಾಲಿಯಾಗಿ ಕೆಳಗೆ ಬರುತ್ತವೆ. ಊಟ ಸಾಂಗವಾಗಿ ಮುಗಿಯುತ್ತದೆ, ಮಗು ಉಳಿಯುವುದಿಲ್ಲ. 2010ರಲ್ಲಿ ಬಂದ ‘ಡೌನ್‌ಟನ್ ಅಬ್ಬೆ’ಯನ್ನೂ ನಾನು ಸಂತೋಷದಿಂದ ನೋಡಿದ್ದೇನೆ, ಅದರ ಅರಮನೆ, ಉಡುಪು, ಹುಲ್ಲುಗಾವಲುಗಳೆಲ್ಲ ಕಣ್ಣಿಗೆ ಹಬ್ಬವೇ ಸರಿ. ಆದರೆ ಸ್ಟುಡಿಯೋದ ನಾಲ್ಕು ಗೋಡೆಗಳೊಳಗೆ, ಮಂಕು ಬಣ್ಣಗಳಲ್ಲಿ ಚಿತ್ರಿತವಾದ ಈ ಕಂತಿನ ಎದೆಗಾರಿಕೆ ಅದರಲ್ಲಿ ನನಗೆ ಕಾಣಲಿಲ್ಲ.

ಬಣ್ಣದ ಮಾತು ಬಂದುದರಿಂದ ಇಲ್ಲೊಂದು ವಿಷಯ ಹೇಳಬೇಕು. ಚಿತ್ರೀಕರಣ ಆರಂಭವಾದಾಗ ಲಂಡನ್ ವೀಕೆಂಡ್ ಸಂಸ್ಥೆಯೂ ಸೇರಿದ್ದ ಐಟಿವಿ ಎಂಬ ಖಾಸಗಿ ಟೆಲಿವಿಷನ್ ಜಾಲದ ತಂತ್ರಜ್ಞರು ಬಣ್ಣದ ಉಪಕರಣಗಳನ್ನು ಬಳಸಲು ಒಪ್ಪದೆ ಮುಷ್ಕರ ಹೂಡಿದ್ದರಿಂದ ಮೊದಲ ಕೆಲವು ಕಂತುಗಳು ಕಪ್ಪುಬಿಳುಪಿನಲ್ಲೇ ತಯಾರಾದವು. ಮೊದಲನೆಯದನ್ನು ಮಾತ್ರ ಆಮೇಲೆ ಬಣ್ಣದಲ್ಲಿ ಪುನಃ ಚಿತ್ರೀಕರಿಸಿದರು. ಕಪ್ಪುಬಿಳುಪೆಂದು ಅವನ್ನು ದಾಟಿಸಿ ಮುಂದಕ್ಕೆ ಹೋಗುವವರು ನಷ್ಟ ಮಾಡಿಕೊಳ್ಳುತ್ತಾರೆ. ಹೊರಗಿನ ದೃಶ್ಯಗಳಿಗೆ ಬಳಸಿದ್ದು 65ನೆಯ ನಂಬರಿನ ನಿಜವಾದ ಮನೆ, ಆ ಸಂಖ್ಯೆಯ ಎಡಕ್ಕೆ ಒಂದು ‘1’ನ್ನು ಬಣ್ಣದಲ್ಲಿ ಬರೆದು 165 ಮಾಡಿಕೊಂಡಿದ್ದರು.

ಮೂರನೆಯ ಸರಣಿಗೆ ಬರುವಾಗ ಗರ್ನಿ ಅವರು ಹೊರಟಿದ್ದರು. ಕಥೆಗಾರರು ಲೇಡಿ ಮಾರ್ಜರಿಯನ್ನು 1912ರ ಟೈಟಾನಿಕ್ ಹಡಗು ಹತ್ತಿಸಿದರು. ಆಕೆಯ ಸೇವಕಿ ಮಿಸ್ ರಾಬರ್ಟ್ಸ್ ಬದುಕಿ ಬರುತ್ತಾಳೆ, ಒಡತಿಯ ಒಡವೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಯಾರಿಗೂ ಕೊಡದೆ. ಪ್ಯಾಟ್ಸಿ ಸ್ಮಾರ್ಟ್ ಅವರದು ಅಲ್ಲಿಯವರೆಗೆ ಸಣ್ಣ ಪಾತ್ರ. ಆ ಪೆಟ್ಟಿಗೆ ಹಿಡಿದ ಬೆರಳುಗಳಿಂದ ಅವರು ಒಂದಿಡೀ ಜೀವನವನ್ನು ಹೇಳಿಬಿಟ್ಟರು. ಮೊದಲ ಮಹಾಯುದ್ಧಕ್ಕೇ ಮೀಸಲಾದ ನಾಲ್ಕನೆಯ ಸರಣಿಯು ಎಲ್ಲಕ್ಕಿಂತ ಬಿಗಿಯಾದುದೆಂಬುದು ನನ್ನ ಅಭಿಪ್ರಾಯ. ತಮಾಷೆಯ ಹುಡುಗನಾಗಿದ್ದ ಎಡ್ವರ್ಡ್ ಕಂದಕಗಳಿಂದ ಮನಸ್ಸು ಕದಡಿಹೋಗಿ ಹಿಂದಿರುಗುತ್ತಾನೆ; ಬೈಗುಳ ತಿನ್ನುವುದಕ್ಕೇ ಹುಟ್ಟಿದವಳೆಂದು ಎಲ್ಲರೂ ಎಣಿಸಿದ್ದ ರೂಬಿ ಮದ್ದುಗುಂಡಿನ ಕಾರ್ಖಾನೆಗೆ ಕೆಲಸಕ್ಕೆ ಹೋಗಿ, ಅಲ್ಲಿನ ಸ್ಫೋಟದಿಂದ ಪಾರಾಗಿ ಅದೇ ಅಡಿಗೆಮನೆಗೆ ಮರಳುತ್ತಾಳೆ; ಟೈಪಿಸ್ಟ್ ಆಗಿ ಬಂದು ಜೇಮ್ಸ್‌ನ ಕೈಹಿಡಿದಿದ್ದ, ಮೇಲಕ್ಕೂ ಕೆಳಕ್ಕೂ ಸೇರದೆ ಉಳಿದ ಹೇಜ಼ಲ್, ಯುದ್ಧ ಮುಗಿಯುವ ಹೊತ್ತಿಗೆ 1918ರ ಇನ್‌ಫ್ಲುಯೆಂಜಾಕ್ಕೆ ಬಲಿಯಾಗುತ್ತಾಳೆ.

ಇನ್ನು ರೋಸ್. ಯುದ್ಧದಲ್ಲಿ ಮಡಿದ ಆಕೆಯ ಆಸ್ಟ್ರೇಲಿಯಾದ ವರ ಗ್ರೆಗರಿ ಆಕೆಗೆಂದು 1,200 ಪೌಂಡುಗಳನ್ನು ಬಿಟ್ಟುಹೋಗಿರುತ್ತಾನೆ. ಆ ಹಣವನ್ನು ಜೇಮ್ಸ್‌ನ ಮಾತು ನಂಬಿ ಅವನ ಮೂಲಕ ತೊಡಗಿಸುತ್ತಾಳೆ. 1929ರ ಷೇರುಪೇಟೆಯ ಕುಸಿತದಲ್ಲಿ ಅದು ಮುಳುಗುತ್ತದೆ, ಜೇಮ್ಸ್ ಹೋಟೆಲೊಂದರ ಕೋಣೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾನೆ, ಮನೆ ಮಾರಾಟವಾಗುತ್ತದೆ. ಸೈಮನ್ ವಿಲಿಯಮ್ಸ್ ಅವರ ಜೇಮ್ಸ್‌ನನ್ನು ಕುರಿತು ಮರುಕಪಡುವವರು ಬಹಳ ಜನ. ದೊಡ್ಡಮ್ಮನ ಕಣ್ಣು ಮಾತ್ರ ರೋಸ್‌ನ ಗಂಟಿನ ಮೇಲೆಯೇ ಇತ್ತು. ಜೀನ್ ಮಾರ್ಷ್ ಅವರು ಹಣ ಹೋದ ಸುದ್ದಿಯನ್ನು ಸ್ವೀಕರಿಸುವ ರೀತಿಯಲ್ಲಿ ಅಳುವಿಗಿಂತ ದಣಿವು ಹೆಚ್ಚಾಗಿದೆ. ಈ ಪಾತ್ರಕ್ಕಾಗಿ 1975ರಲ್ಲಿ ಅವರಿಗೆ ಎಮ್ಮಿ ಪ್ರಶಸ್ತಿ ಬಂದುದು ನ್ಯಾಯವೇ ಆಗಿತ್ತು.

ಕೊನೆಯ ಕಂತಿನಲ್ಲಿ ಹಡ್ಸನ್ ಮತ್ತು ಮಿಸೆಸ್ ಬ್ರಿಡ್ಜಸ್ ಮದುವೆಯಾಗಿ, ರೂಬಿಯನ್ನೂ ಕರೆದುಕೊಂಡು, ಸಮುದ್ರತೀರದ ಊರಿನಲ್ಲಿ ವಸತಿಗೃಹ ನಡೆಸಲು ಹೊರಡುತ್ತಾರೆ. ಅವರಿಬ್ಬರದೇ ಒಂದು ಧಾರಾವಾಹಿಯನ್ನು ಮುಂದುವರಿಸುವ ಯೋಚನೆಯಿತ್ತಂತೆ. 1976ರಲ್ಲಿ ಬ್ಯಾಡ್ಲಿ ಅವರು ನಿಧನರಾದುದರಿಂದ ಅದು ಕೈಗೂಡಲಿಲ್ಲ. ರೋಸ್ ಮಾತ್ರ ಯಜಮಾನರ ಸಂಸಾರದ ಜೊತೆಗೇ ಹೋಗುತ್ತಾಳೆ. ಇದರ ಬಗ್ಗೆ ದೊಡ್ಡಮ್ಮನಿಗೂ ನನಗೂ ಅಂದು ಆರಂಭವಾದ ವಾದ ಇನ್ನೂ ಮುಗಿದಿಲ್ಲ. ಆಕೆ ಮಿಸೆಸ್ ಬ್ರಿಡ್ಜಸ್ ಜೊತೆ ಸಮುದ್ರದ ಕಡೆಗೆ ಹೋಗಬೇಕಿತ್ತು ಎಂಬುದು ದೊಡ್ಡಮ್ಮನ ಪಟ್ಟು. ಇಷ್ಟು ವರ್ಷ ತನ್ನದೆಂದುಕೊಂಡ ಮನೆತನವನ್ನು ಬಡತನ ಬಂದಾಗ ಬಿಡುವುದು ರೋಸ್‌ನ ಸ್ವಭಾವವಲ್ಲ ಎಂಬುದು ನನ್ನ ಪಟ್ಟು. 2010ರಲ್ಲಿ ಬಿಬಿಸಿ ಈ ಕಥೆಯನ್ನು 1936ರ ಕಾಲಕ್ಕೆ ಮುಂದುವರಿಸಿದಾಗ ಜೀನ್ ಮಾರ್ಷ್ ಅವರು ಅದೇ ರೋಸ್ ಆಗಿ ಮರಳಿದರು, ಐಲೀನ್ ಅಟ್ಕಿನ್ಸ್ ಅವರೂ ಕೊನೆಗೂ ಆ ಮನೆಯೊಳಗೆ ಕಾಲಿಟ್ಟರು. ರೋಸ್ ಈಗ ಮನೆಗೆಲಸದವರನ್ನು ಒದಗಿಸುವ ಸ್ವಂತ ಏಜೆನ್ಸಿ ನಡೆಸುತ್ತಿದ್ದಾಳೆಂದು ನಾನು ಫೋನು ಮಾಡಿ ಹೇಳಿದಾಗ ದೊಡ್ಡಮ್ಮನಿಗೆ ಆದ ಹಿಗ್ಗು ಇಷ್ಟಿಷ್ಟಲ್ಲ. ಅದನ್ನು ಬಿಟ್ಟು ಆಕೆ 165ನೆಯ ನಂಬರಿಗೇ ಹೌಸ್‌ಕೀಪರ್ ಆಗಿ ಹಿಂದಿರುಗಿದಳೆಂದು ಹೇಳಿದೆನೋ ಇಲ್ಲವೋ, “ಹಾಗಾದರೆ ಏಜೆನ್ಸಿಯ ಲೆಕ್ಕವನ್ನು ಯಾರ ಕೈಗೆ ಕೊಟ್ಟು ಬಂದಳಂತೆ?” ಎಂದು ಕೇಳಿದರು.